ಬೆಡ್‌ಸೋರ್ ತಡೆ: ಹೊರಳಿಸಿದ ಮೇಲೆ ಹೇಗೆ ಮಲಗಿಸಬೇಕು?

ಬೆಡ್‌ಸೋರ್ (ಒಂದೇ ಕಡೆ ಮಲಗಿ ಒತ್ತಡದಿಂದ ಆಗುವ ಹುಣ್ಣು) ಆಗದಿರಲು ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು ಅನ್ನೋದು ರೋಗಿಗಳನ್ನು ನೋಡಿಕೊಳ್ಳುವ ನಮಗೆಲ್ಲ ಬಾಯಿಪಾಠ. ಹೊರಳಿಸಿ ಹೇಗೆ ಮಲಗಿಸುತ್ತೇವೆ ಅನ್ನೋದರ ಕಡೆ ಗಮನ ಕಡಿಮೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಕಾರಣ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸದಲ್ಲಿ ಸಣ್ಣ ರಕ್ತನಾಳಗಳು ಅಮುಕಿ ಹೋಗುತ್ತವೆ. ನಾವಾದರೆ ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ. ಬೆನ್ನುಹುರಿಗೆ ಪೆಟ್ಟಾದವರಿಗೆ, ಪ್ರಜ್ಞೆ ಇಲ್ಲದವರಿಗೆ ಅದು ಆಗುವುದಿಲ್ಲ. ಚರ್ಮಕ್ಕಿಂತ ಸ್ನಾಯು ಬೇಗ ಸೋಲುತ್ತದೆ. ಮೇಲೆ ಸಣ್ಣ ಕಲೆ ಕಂಡರೂ ಒಳಗೆ ದೊಡ್ಡ ಗಾಯ ಇರಬಹುದು.

ಇನ್ನು ಶಿಯರ್, ಅಂದರೆ ಚರ್ಮ ಒಂದು ಕಡೆ, ಒಳಗಿನ ಮೂಳೆ ಇನ್ನೊಂದು ಕಡೆ ಎಳೆಯುವುದು. ಮಂಚದ ತಲೆಭಾಗ ಎತ್ತಿದಾಗ ರೋಗಿ ಮೆಲ್ಲಗೆ ಕೆಳಗೆ ಜಾರುತ್ತಾರೆ. ಚರ್ಮ ಬೆಡ್‌ಶೀಟಿಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ಮೂಳೆ ಮಾತ್ರ ಸರಿಯುತ್ತದೆ. ನಡುವಿನ ರಕ್ತನಾಳ ಎಳೆದು ತಿರುಚಿಕೊಳ್ಳುತ್ತದೆ. ಆದ್ದರಿಂದ ಉಸಿರಾಟಕ್ಕೋ ಟ್ಯೂಬ್ ಫೀಡಿಂಗಿಗೋ ಬೇಕಿಲ್ಲದಿದ್ದರೆ ತಲೆಭಾಗ 30 ಡಿಗ್ರಿ ದಾಟಬಾರದು. ಎತ್ತುವ ಮುಂಚೆ ಮೊಣಕಾಲಿನ ಭಾಗ ಸ್ವಲ್ಪ ಎತ್ತಿಕೊಂಡರೆ ಜಾರುವುದು ಕಡಿಮೆಯಾಗುತ್ತದೆ. ರೋಗಿಯನ್ನು ಮೇಲಕ್ಕೆ ಸರಿಸುವಾಗ ಎಳೆಯಬೇಡಿ. ಇಬ್ಬರು ಸೇರಿ ಡ್ರಾಶೀಟ್ (ರೋಗಿಯ ಕೆಳಗೆ ಅಡ್ಡ ಹಾಸಿದ ಬಟ್ಟೆ) ಹಿಡಿದು ಎತ್ತಿ.

ಮಗ್ಗುಲಿಗೆ ಮಲಗಿಸುವಾಗಲೂ 30 ಡಿಗ್ರಿ ಓರೆ ಸಾಕು. ಪೂರ್ತಿ 90 ಡಿಗ್ರಿ ತಿರುಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆ ಮೇಲೆ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಇಟ್ಟ ಮೇಲೆ ಕೈ ಹಾಕಿ ನೋಡಿ, ಬೆನ್ನಿನ ಬುಡದ ಮೂಳೆ ಹಾಸಿಗೆಗೆ ತಾಗಬಾರದು. ಹಿಮ್ಮಡಿ ಕೆಳಗೆ ದಿಂಬು ಬೇಡ. ಮೀನಖಂಡದ ಉದ್ದಕ್ಕೂ ಇಡಿ, ಮೊಣಕಾಲು ತುಸು ಬಾಗಿರಲಿ, ಹಿಮ್ಮಡಿ ಗಾಳಿಯಲ್ಲಿರಲಿ. ಉಂಗುರದಂಥ ರಿಂಗ್ ಕುಶನ್ ಬಳಸಲೇಬಾರದು, ಅಂಚಿನಲ್ಲಿ ಒತ್ತಡ ಜಾಸ್ತಿಯಾಗುತ್ತದೆ.

ಪ್ರತಿ ಸಲ ಹೊರಳಿಸುವಾಗ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಅದು ಬೆಡ್‌ಸೋರಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು. ಅಲ್ಲಿ ಬಿಸಿ, ಗಟ್ಟಿತನ, ನೋವು ಇದೆಯಾ ಅಂತ ಪಕ್ಕದ ಚರ್ಮದ ಜೊತೆ ಹೋಲಿಸಿ. ಆ ಜಾಗ ಉಜ್ಜಬೇಡಿ, ಒಳಗೆ ಇನ್ನಷ್ಟು ಹಾನಿಯಾಗುತ್ತದೆ. ಆಕ್ಸಿಜನ್ ಟ್ಯೂಬ್ ಕೂರುವ ಕಿವಿಯ ಹಿಂಭಾಗವನ್ನೂ ಮರೆಯಬೇಡಿ.

ಬೆಡ್‌ಸೋರ್ ಆಗುವ ಅಪಾಯ ಅಳೆಯುವ ಬ್ರೇಡನ್ ಸ್ಕೇಲ್‌ನಲ್ಲಿ ಒದ್ದೆ, ಊಟದಂಥ 6 ಅಂಶ, ಒಟ್ಟು ಅಂಕ 6ರಿಂದ 23. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕೆಳಗೆ ಬಂದರೆ ಎಚ್ಚರ. ಅಂಕ ಬರೆದು ಸುಮ್ನೆ ಬಿಟ್ಟರೆ ಏನು ಪ್ರಯೋಜನ ಅಲ್ವಾ? ಒದ್ದೆಗೆ ಅಂಕ ಕಮ್ಮಿ ಬಂದರೆ ಚರ್ಮ ತೊಳೆದು, ಒರೆಸಿ, ಒದ್ದೆ ತಾಗದಂತೆ ತಡೆಯುವ ಬ್ಯಾರಿಯರ್ ಕ್ರೀಮ್ ಹಚ್ಚಿ. ಊಟಕ್ಕೆ ಕಮ್ಮಿ ಬಂದರೆ ಡಯಟೀಷಿಯನ್‌ಗೆ ತಿಳಿಸಿ.

ಎರಡು ಗಂಟೆ ಎಲ್ಲರಿಗೂ ಒಂದೇ ಅಳತೆಯಲ್ಲ. ಕೆಂಪು ಉಳಿದಿದ್ದರೆ ಅಂತರ ಕಡಿಮೆ ಮಾಡಿ. ಏರ್ ಬೆಡ್ ಹಾಕಿದ ಮೇಲೂ ಹೊರಳಿಸುವುದನ್ನು ನಿಲ್ಲಿಸಬೇಡಿ.