ಫ್ಲಾಪ್ ಲಾಕ್

ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಾದ ವಿಮಾನ ಇಳಿಯದೆ ಬೆಳಗಾವಿಯ ಮೇಲೆ ಸುತ್ತು ಹಾಕತೊಡಗಿದರೆ ಒಳಗೆ ಕುಳಿತವರಿಗೆ ಆತಂಕವಾಗುವುದು ಸಹಜ. ಹಾಗೆ ಸುತ್ತುವುದಕ್ಕೆ ಹಲವು ಕಾರಣಗಳಿರಬಹುದು. ಅವುಗಳಲ್ಲಿ ಒಂದು ಫ್ಲಾಪ್ ಲಾಕ್.

ರೆಕ್ಕೆಯ ಹಿಂದಿನ ಅಂಚಿನಿಂದ ಹಂತಹಂತವಾಗಿ ಹೊರಚಾಚಿ ಕೆಳಕ್ಕೆ ಬಾಗುವ ಭಾಗಗಳೇ ಫ್ಲಾಪ್‌ಗಳು; ಮುಂದಿನ ಅಂಚಿನವು ಸ್ಲ್ಯಾಟ್‌ಗಳು. ಇವು ಚಾಚಿದಾಗ ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯುವಷ್ಟು ಬಲ ರೆಕ್ಕೆಗೆ ದೊರೆಯುತ್ತದೆ. ಆದರೆ ಎಡಗಡೆಯ ಫ್ಲಾಪ್ ಪೂರ್ತಿ ಇಳಿದು ಬಲಗಡೆಯದು ಅರ್ಧಕ್ಕೇ ನಿಂತರೆ ವಿಮಾನ ಒಂದು ಮಗ್ಗುಲಿಗೆ ಹೊರಳತೊಡಗುತ್ತದೆ. ಆದ್ದರಿಂದಲೇ ಏರ್‌ಬಸ್ ಎ320 ಮಾದರಿಯಲ್ಲಿ, ಎರಡು ಬದಿಗಳ ಚಲನೆಯಲ್ಲಿ ವ್ಯತ್ಯಾಸ ಕಂಡುಬಂದ ಕೂಡಲೇ ಕಂಪ್ಯೂಟರ್ ರೆಕ್ಕೆಯ ತುದಿಯ ಬ್ರೇಕ್ ಹಾಕಿ ಫ್ಲಾಪ್‌ಗಳನ್ನು ಇದ್ದಲ್ಲೇ ಬಿಗಿದುಬಿಡುತ್ತದೆ; ಇದೇ ಫ್ಲಾಪ್ ಲಾಕ್. ಹಾರಾಟದಲ್ಲಿರುವಾಗ ಪೈಲಟ್ ಅದನ್ನು ಬಿಡಿಸಲಾಗದು. ಇದು ಬೇಕೆಂದೇ ಇಟ್ಟ ರಕ್ಷಣೆ.

ಮುಂದಿನ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಒಬ್ಬ ಪೈಲಟ್ ಸುರಕ್ಷಿತ ಎತ್ತರದಲ್ಲಿ ವಿಮಾನವನ್ನು ನಡೆಸುತ್ತಿದ್ದರೆ ಇನ್ನೊಬ್ಬರು ಚೆಕ್‌ಲಿಸ್ಟ್ ಓದುತ್ತ, ಫ್ಲಾಪ್ ಮತ್ತು ಸ್ಲ್ಯಾಟ್ ಎಷ್ಟೆಷ್ಟು ಚಾಚಿವೆಯೆಂದು ನೋಡಿ ಇಳಿಯುವ ವೇಗವನ್ನೂ ಬೇಕಾಗುವ ರನ್‌ವೇ ಉದ್ದವನ್ನೂ ಲೆಕ್ಕ ಹಾಕುತ್ತಾರೆ. ಎರಡೂ ಪೂರ್ತಿ ಮುಚ್ಚಿಯೇ ಉಳಿಯುವುದು ಅಪರೂಪ. ಉಳಿದರೆ ಮಾತ್ರ ಸಾಮಾನ್ಯವಾಗಿ 135 ನಾಟ್ (ಗಂಟೆಗೆ ಸುಮಾರು 250 ಕಿ.ಮೀ.) ಆಸುಪಾಸಿನಲ್ಲಿರುವ ವೇಗಕ್ಕೆ ಸುಮಾರು 60 ನಾಟ್ ಸೇರಿಸಬೇಕಾಗುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ನಿಲ್ಲುವ ಮುನ್ನ ಕರಗಿಸಬೇಕಾದ ಶಕ್ತಿ ದುಪ್ಪಟ್ಟಾಗುತ್ತದೆ.

ಸಾಂಬ್ರಾದ ರನ್‌ವೇ 2,300 ಮೀಟರ್ ಉದ್ದವಿದೆ. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ಕೊಂಚ ತೆಳು. ಹೀಗಾಗಿ ಮಾಪಕ ತೋರಿಸುವುದಕ್ಕಿಂತ ನಿಜವಾದ ವೇಗ ಹೆಚ್ಚಿರುತ್ತದೆ. ಬೆಂಗಳೂರು ಇನ್ನೂ ಎತ್ತರದಲ್ಲಿದ್ದರೂ ಅಲ್ಲಿನ ರನ್‌ವೇ 4,000 ಮೀಟರ್ ಇರುವುದರಿಂದ ಅತ್ತ ತಿರುಗುವುದೇ ಲೇಸೆನಿಸಬಹುದು. ಆದರೆ ಫ್ಲಾಪ್ ಚಾಚಿಕೊಂಡೇ ಸಿಲುಕಿದ್ದರೆ ಗಾಳಿಯ ತಡೆ ಹೆಚ್ಚಿ ಇಂಧನ ಬೇಗ ಖರ್ಚಾಗುತ್ತದೆ. ದೂರದ ಉದ್ದನೆಯ ರನ್‌ವೇಯೋ ಹತ್ತಿರದ ಗಿಡ್ಡ ರನ್‌ವೇಯೋ ಎಂಬ ಈ ತೀರ್ಮಾನವೇ ಇಡೀ ಪ್ರಸಂಗದಲ್ಲಿ ಅತ್ಯಂತ ಕಠಿಣವಾದದ್ದೆಂದು ನನ್ನ ಭಾವನೆ.

ಇಳಿದ ಮೇಲೆ ಅಗ್ನಿಶಾಮಕ ವಾಹನಗಳು ಬೆನ್ನುಹತ್ತಿ ಬಂದರೆ ಬೆಂಕಿ ಬಿದ್ದಿದೆಯೆಂದು ಭಾವಿಸಬೇಕಿಲ್ಲ. ಅಷ್ಟು ಶಕ್ತಿಯನ್ನು ತಡೆದ ಬ್ರೇಕ್‌ಗಳು ವಿಪರೀತ ಕಾದಿರುತ್ತವೆ. ಅವುಗಳ ಸ್ಥಿತಿಯನ್ನು ಪರೀಕ್ಷಿಸಿದ ಬಳಿಕವೇ ವಿಮಾನವನ್ನು ಮುಂದಕ್ಕೆ ಸಾಗಿಸುತ್ತಾರೆ.