ಜೋನಿ ಐವ್ ಆ್ಯಪಲ್ ಬಿಟ್ಟದ್ದು ಯಾವಾಗ? ವಿನ್ಯಾಸ ಮುಖ್ಯಸ್ಥರ ನಿರ್ಗಮನವನ್ನು ಓದುವ ಬಗೆ

ಶಿರಸಿ, ಕುಮಟಾ, ಕಾರವಾರ ಕಡೆಯಿಂದ ಯುಸೀಡ್, ಎನ್‌ಐಡಿ ಎಂಬ ವಿನ್ಯಾಸ ಕೋರ್ಸುಗಳ ಪ್ರವೇಶ ಪರೀಕ್ಷೆಗೆ ಓದುತ್ತಿರುವವರಿಗೆ, ಬಿಬಿಎ ಎಂಬಿಎಯಲ್ಲಿ ಕೇಸ್ ಸ್ಟಡಿ ಬರೆಯುವವರಿಗೆ ಈ ಟಿಪ್ಪಣಿ. ಆ್ಯಪಲ್ ವಿನ್ಯಾಸ ಮುಖ್ಯಸ್ಥರಾಗಿದ್ದ ಜೋನಿ ಐವ್ ರೂಪಿಸಿದ ಐಮ್ಯಾಕ್, ಐಪಾಡ್, ಐಫೋನ್‌ಗಳ ಇತಿಹಾಸವನ್ನು ಇಲ್ಲಿ ಬರೆದಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ತೊಡಕು ಇರುವುದು ಒಂದೇ ಜಾಗದಲ್ಲಿ. ಮುಖ್ಯಸ್ಥರು ಹೋದರು, ಆಮೇಲೆ ಲ್ಯಾಪ್‌ಟಾಪ್ ದಪ್ಪವಾಯಿತು, ಹಾಗಾಗಿ ಅವರು ಹೋದದ್ದರಿಂದಲೇ ದಪ್ಪವಾಯಿತು ಎಂದು ಬರೆದುಬಿಡುತ್ತೇವೆ. ಈ ಮೂರನೆಯ ಮಾತು ಮೊದಲೆರಡರಿಂದ ಹುಟ್ಟುವುದಿಲ್ಲ. ಯಾಕೆ ಹುಟ್ಟುವುದಿಲ್ಲ ಎನ್ನುವುದಕ್ಕೇ ಈ ಟಿಪ್ಪಣಿಯ ಹೆಚ್ಚಿನ ಪಾಲು ಮೀಸಲು.

ಮೊದಲು ತಾರೀಖು

"2019ರಲ್ಲಿ ಬಿಟ್ಟರು" ಎಂದು ಒಂದು ಸಾಲು ಬರೆದು ಮುಂದೆ ಹೋಗಬೇಡಿ. ಐವ್ ಆ್ಯಪಲ್ ಸೇರಿದ್ದು 1992ರಲ್ಲಿ. ಆಗ ವಿನ್ಯಾಸ ವಿಭಾಗ ರಾಬರ್ಟ್ ಬ್ರೂನರ್ ಕೈಯಲ್ಲಿತ್ತು. 1996ರಲ್ಲಿ ಬ್ರೂನರ್ ಕಂಪನಿ ಬಿಟ್ಟ ಮೇಲೆ ಅದು ಐವ್ ಪಾಲಿಗೆ ಬಂತು. ಇನ್ನೊಬ್ಬ ವಿನ್ಯಾಸ ಮುಖ್ಯಸ್ಥರು ಹೊರಟಿದ್ದರಿಂದಲೇ ಐವ್ ಅಧ್ಯಾಯ ಶುರುವಾಯಿತು ಎಂಬುದನ್ನು ಉತ್ತರದಲ್ಲಿ ಒಂದು ಸಾಲಾದರೂ ಬರೆಯಿರಿ.

ನಿರ್ಗಮನ ನಡೆದದ್ದು ಹಂತ ಹಂತವಾಗಿ. 2015ರ ಮೇ ತಿಂಗಳಲ್ಲಿ ಐವ್‌ಗೆ 'ಚೀಫ್ ಡಿಸೈನ್ ಆಫೀಸರ್' ಎಂಬ ಹೊಸ ಹುದ್ದೆ ಸಿಕ್ಕಿತು. ಕೇಳಲು ಬಡ್ತಿ. ಆದರೆ ಜುಲೈ 1ರಿಂದ ದಿನನಿತ್ಯದ ಉಸ್ತುವಾರಿ ಇಬ್ಬರಿಗೆ ಹಂಚಿಹೋಯಿತು. ವಸ್ತುಗಳ ವಿನ್ಯಾಸ ರಿಚರ್ಡ್ ಹೋವಾರ್ತ್‌ಗೆ, ಪರದೆಯ ಮೇಲಿನ ವಿನ್ಯಾಸ ಅಲನ್ ಡೈಗೆ. 2017ರ ಡಿಸೆಂಬರ್‌ನಲ್ಲಿ ಐವ್ ಆ ಉಸ್ತುವಾರಿಯನ್ನು ಮತ್ತೆ ತಾವೇ ವಹಿಸಿಕೊಂಡರು. 2019ರ ಜೂನ್ 27ರಂದು ನಿರ್ಗಮನದ ಪ್ರಕಟಣೆ ಬಂತು: ವರ್ಷದ ಕೊನೆಯೊಳಗೆ ಕಂಪನಿ ಬಿಡುತ್ತಾರೆ, ಮಾರ್ಕ್ ನ್ಯೂಸನ್ ಜೊತೆ 'ಲವ್‌ಫ್ರಮ್' ಎಂಬ ಸಂಸ್ಥೆ ಕಟ್ಟುತ್ತಾರೆ, ಆ್ಯಪಲ್ ಅದರ ಗ್ರಾಹಕನಾಗಿರುತ್ತದೆ. 2022ರ ಜುಲೈನಲ್ಲಿ ಆ ಗುತ್ತಿಗೆಯೂ ಮುಗಿಯಿತೆಂಬ ವರದಿ ಬಂತು. 2015ರಲ್ಲಿ ಹಿಡಿತ ಸಡಿಲವಾದಾಗಿನಿಂದ 2022ರಲ್ಲಿ ಗುತ್ತಿಗೆ ಮುಗಿಯುವವರೆಗೆ ಏಳು ವರ್ಷ. ಪರೀಕ್ಷೆಯಲ್ಲಿ ಒಂದೇ ವರ್ಷ ಕೇಳಿದರೆ 2019 ಸರಿ. ಪ್ರಭಾವದ ಬಗ್ಗೆ ಕೇಳಿದರೆ ಈ ಏಳು ವರ್ಷವನ್ನೂ ಹೇಳಬೇಕು.

ಬಾಣದ ಚಿತ್ರ

ಇಂಥ ಯಾವುದೇ ಪ್ರಕರಣಕ್ಕೆ ತುಂಬ ಕೆಲಸಕ್ಕೆ ಬರುವ ಉಪಾಯ ಇದು. ಹುದ್ದೆಯ ಹೆಸರನ್ನು ಬದಿಗಿಡಿ. ಒಂದೊಂದು ವರ್ಷಕ್ಕೂ ವಿನ್ಯಾಸ ತಂಡದಿಂದ ಒಂದು ಬಾಣ ಎಳೆದು, ಅದು ಯಾರ ಮೇಜಿಗೆ ಹೋಗುತ್ತದೆ ಎಂದು ಬರೆಯಿರಿ.

1997ರಲ್ಲಿ ಸ್ಟೀವ್ ಜಾಬ್ಸ್ ವಾಪಸಾದ ಮೇಲೂ ಕಾಗದದ ಮೇಲೆ ಐವ್ ಇದ್ದದ್ದು ಹಾರ್ಡ್‌ವೇರ್ ಮುಖ್ಯಸ್ಥ ಜಾನ್ ರೂಬಿನ್‌ಸ್ಟೈನ್ ಕೆಳಗೆ. 2005ರಲ್ಲಿ ಐವ್ ಹಿರಿಯ ಉಪಾಧ್ಯಕ್ಷರಾದರು, ಬಾಣ ನೇರ ಜಾಬ್ಸ್ ಕಡೆ ತಿರುಗಿತು. 2011ರಲ್ಲಿ ಜಾಬ್ಸ್ ತೀರಿಕೊಂಡ ಮೇಲೆ ಟಿಮ್ ಕುಕ್ ಕಡೆಗೆ. 2012ರ ಅಕ್ಟೋಬರ್‌ನಲ್ಲಿ ಐಫೋನ್ ಸಾಫ್ಟ್‌ವೇರ್ ಮುಖ್ಯಸ್ಥ ಸ್ಕಾಟ್ ಫೋರ್‌ಸ್ಟಾಲ್ ನಿರ್ಗಮನ ಪ್ರಕಟವಾದಾಗ ಪರದೆಯ ವಿನ್ಯಾಸವೂ ಐವ್ ಕೆಳಗೆ ಬಂತು, ಎರಡು ಬಾಣ ಒಂದಾದವು. 2019ರಲ್ಲಿ ಆ ಒಂದು ಬಾಣ ಮತ್ತೆ ಎರಡಾಯಿತು. ವಸ್ತುಗಳ ವಿನ್ಯಾಸಕ್ಕೆ ಇವಾನ್ಸ್ ಹ್ಯಾಂಕಿ, ಪರದೆಗೆ ಅಲನ್ ಡೈ. ಇಬ್ಬರೂ ವರದಿ ಮಾಡಬೇಕಾದದ್ದು ಜೆಫ್ ವಿಲಿಯಮ್ಸ್‌ಗೆ.

ಇಲ್ಲಿ ನಿಲ್ಲಿ. ವಿಲಿಯಮ್ಸ್ ಆಗ ಸಿಒಒ. ಕಾರ್ಖಾನೆ, ಬಿಡಿಭಾಗಗಳ ಪೂರೈಕೆ, ವೆಚ್ಚ, ಗಡುವು ನೋಡಿಕೊಳ್ಳುವ ಹುದ್ದೆ ಅದು. ವಿನ್ಯಾಸಕಾರ "ಈ ಅಂಚು ಹೀಗೇ ಇರಬೇಕು" ಎಂದಾಗ "ಅದಕ್ಕೆ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರದಲ್ಲಿ ಇಷ್ಟು ನಿಮಿಷ ಹೆಚ್ಚು ಬೇಕು" ಎಂದು ಲೆಕ್ಕ ತೋರಿಸುವ ಮೇಜು. ಮೊದಲು ಆ ವಾದವನ್ನು ಸಿಇಒ ಎದುರು ಐವ್ ಸಮಸಮವಾಗಿ ಆಡುತ್ತಿದ್ದರು. 2019ರ ನಂತರ ವಾದದ ಒಂದು ಪಕ್ಷವೇ ತೀರ್ಪುಗಾರನ ಕುರ್ಚಿಯಲ್ಲೂ ಕೂತಿತ್ತು. ಐವ್ ಹೋದದ್ದಕ್ಕಿಂತ ದೊಡ್ಡ ಬದಲಾವಣೆ ಇದೇ ಎಂದು ನನ್ನ ತೀರ್ಮಾನ. ಚೀಫ್ ಡಿಸೈನ್ ಆಫೀಸರ್ ಹುದ್ದೆಯನ್ನು ಆಗ ಯಾರಿಗೂ ಕೊಡಲಿಲ್ಲ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ಓದಿ.

ಕೀಬೋರ್ಡ್: ಎಲ್ಲರೂ ಎಡವುವ ಜಾಗ

ಸಾಮಾನ್ಯವಾಗಿ ಬರೆಯುವ ಉತ್ತರ ಹೀಗಿರುತ್ತದೆ: "ಐವ್ ತೆಳುತನದ ಹಿಂದೆ ಬಿದ್ದರು, ಬಟರ್‌ಫ್ಲೈ ಕೀಬೋರ್ಡ್ ಕೆಟ್ಟಿತು, ಐವ್ ಹೋದರು, ಹಳೆಯ ಕೀಬೋರ್ಡ್ ವಾಪಸ್ ಬಂತು." ನಾಲ್ಕು ಮಾತೂ ಬಿಡಿಬಿಡಿಯಾಗಿ ನೋಡಿದರೆ ನಡೆದವೇ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವಿನ ಕೊಂಡಿ ಮಾತ್ರ ನಿಲ್ಲುವುದಿಲ್ಲ.

ಹಳೆಯದಾದ ಕತ್ತರಿ ಮಾದರಿಯ ಕೀಲಿಯ ಕೆಳಗೆ ಎರಡು ಪ್ಲಾಸ್ಟಿಕ್ ಕಾಲುಗಳು ಕತ್ತರಿಯಂತೆ ಅಡ್ಡಹಾಯ್ದಿರುತ್ತವೆ. ಬಟರ್‌ಫ್ಲೈಯಲ್ಲಿ ಅವು ಚಿಟ್ಟೆಯ ರೆಕ್ಕೆಯಂತೆ ನಡುವಿನಿಂದ ಎರಡೂ ಬದಿಗೆ ಚಾಚಿರುತ್ತವೆ. ಕತ್ತರಿಗಿಂತ ಇದು 40 ಶೇಕಡ ತೆಳು ಎಂದು 2015ರಲ್ಲಿ 12 ಇಂಚಿನ ಮ್ಯಾಕ್‌ಬುಕ್ ಬಂದಾಗ ಕಂಪನಿ ಹೇಳಿತ್ತು. ಕೀಲಿ ಕೆಳಗಿಳಿಯುವ ದೂರ ಸುಮಾರು ಅರ್ಧ ಮಿಲಿಮೀಟರ್. ಅಷ್ಟು ಕಿರಿದಾದ ಸಂದಿನಲ್ಲಿ ಒಂದು ಮರಳಿನ ಕಣ ಕೂತರೂ ರೆಕ್ಕೆ ಪೂರ್ತಿ ಇಳಿಯುವುದಿಲ್ಲ, ಇಲ್ಲವೇ ಇಳಿದದ್ದು ಮೇಲೇಳುವುದಿಲ್ಲ. ಅಕ್ಷರ ಮೂಡುವುದಿಲ್ಲ, ಎರಡೆರಡು ಸಲ ಮೂಡುತ್ತದೆ, ಇಲ್ಲವೇ ಕೀಲಿ ಅಂಟಿದಂತಾಗುತ್ತದೆ. 2018ರ ಜೂನ್‌ನಲ್ಲಿ ಶುರುವಾದ ಉಚಿತ ದುರಸ್ತಿ ಯೋಜನೆಯಲ್ಲಿ ಪಟ್ಟಿ ಮಾಡಿದ ಲಕ್ಷಣಗಳೂ ಈ ಮೂರೇ.

ಈಗ ತಾರೀಖು ಜೋಡಿಸಿ. ಕತ್ತರಿ ಮಾದರಿಗೆ ಮರಳಿದ 16 ಇಂಚಿನ ಮ್ಯಾಕ್‌ಬುಕ್ ಪ್ರೊ ಬಂದದ್ದು 2019ರ ನವೆಂಬರ್ 13ಕ್ಕೆ. ನಿರ್ಗಮನದ ಪ್ರಕಟಣೆ ಜೂನ್ 27ಕ್ಕೆ. ನಡುವೆ ಇದ್ದದ್ದು ನಾಲ್ಕೂವರೆ ತಿಂಗಳು. ಅಷ್ಟರಲ್ಲಿ ಹೊಸ ಲ್ಯಾಪ್‌ಟಾಪ್ ಮಾಡಲು ಬರುತ್ತದೆಯೇ?

ಬರುವುದಿಲ್ಲ. ಕೀಲಿಯ ಚಲನೆಯನ್ನು ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿಗೆ ಏರಿಸಿದರೆ ಕೀಬೋರ್ಡ್ ದಪ್ಪವಾಗುತ್ತದೆ. ಅದು ಕೂರುವ ಅಲ್ಯೂಮಿನಿಯಂ ಮೇಲ್ಕವಚವನ್ನು ಬೇರೆ ಆಳಕ್ಕೆ ಕೊರೆಯಬೇಕು. ಬ್ಯಾಟರಿ, ಶಾಖ ಹೊರಹಾಕುವ ಫ್ಯಾನು, ಸ್ಪೀಕರ್ ಎಲ್ಲದರ ಜಾಗ ಸರಿಯುತ್ತದೆ. ಹಿಂದಿನ 15 ಇಂಚಿನ ಯಂತ್ರ 15.5 ಮಿ.ಮೀ. ದಪ್ಪ, 1.83 ಕೆ.ಜಿ. ತೂಕ, 83.6 ವ್ಯಾಟ್-ಅವರ್ ಬ್ಯಾಟರಿ. ಹೊಸದು 16.2 ಮಿ.ಮೀ., 2 ಕೆ.ಜಿ., 100 ವ್ಯಾಟ್-ಅವರ್. ಇಂಥ ಬದಲಾವಣೆ ಮಾದರಿ ಹಂತ ದಾಟಿ ಇವಿಟಿ, ಡಿವಿಟಿ, ಪಿವಿಟಿ ಎಂಬ ಮೂರು ಪರೀಕ್ಷಾ ತಯಾರಿಗಳ ಮೂಲಕ ಹೋಗಬೇಕು. ಇವಿಟಿಯಲ್ಲಿ ಯಂತ್ರ ಕೆಲಸ ಮಾಡುತ್ತದೆಯೇ ಎಂದು ನೋಡುತ್ತಾರೆ. ಡಿವಿಟಿಯಲ್ಲಿ ಬೀಳಿಸಿ, ಕಾಯಿಸಿ, ಒದ್ದೆ ಮಾಡಿ ವಿನ್ಯಾಸ ತಾಳುತ್ತದೆಯೇ ಎಂದು ನೋಡುತ್ತಾರೆ. ಪಿವಿಟಿಯಲ್ಲಿ ಕಾರ್ಖಾನೆಯ ಸಾಲು ಅದನ್ನು ಬೇಕಾದ ವೇಗದಲ್ಲಿ, ತಪ್ಪಿಲ್ಲದೆ ಮಾಡಬಲ್ಲುದೇ ಎಂದು ನೋಡುತ್ತಾರೆ. ಡಿವಿಟಿ ದಾಟಿದ ಮೇಲೆ ಹೊರ ಆಕಾರ ಮುಟ್ಟಿದರೆ ಅಚ್ಚು, ಭಾಗ ಹಿಡಿದಿಡುವ ಫಿಕ್ಸ್ಚರ್ ಎಲ್ಲ ಹೊಸದಾಗಿ ಮಾಡಿಸಬೇಕಾಗುತ್ತದೆ, ಹಾಗಾಗಿ ಮುಟ್ಟುವುದಿಲ್ಲ. ನವೆಂಬರಿನಲ್ಲಿ ಅಂಗಡಿಗೆ ಬರುವ ಯಂತ್ರದ ಆಕಾರ ಜೂನ್ ಹೊತ್ತಿಗಾಗಲೇ ಗಟ್ಟಿಯಾಗಿರುತ್ತದೆ. ಅಂದರೆ ಕತ್ತರಿ ಕೀಬೋರ್ಡಿನ ತೀರ್ಮಾನ ಆದದ್ದು ಐವ್ ಕಂಪನಿಯಲ್ಲಿದ್ದಾಗಲೇ.

ತೋಟ ಪಾಲಾದ ವರ್ಷ ಕೊಯ್ದ ಅಡಕೆ ಕೊನೆ ನೋಡಿ ಹೊಸ ಯಜಮಾನನಿಗೆ ಶಿರಸಿಯಲ್ಲಿ ಯಾರೂ ಶಾಭಾಸ್ ಹೇಳುವುದಿಲ್ಲ. ಸಸಿ ನೆಟ್ಟು ಫಸಲಿಗೆ ಬರುವ ತನಕ ಐದಾರು ವರ್ಷ ಸಾಕಿದವರು, ಆ ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಸಿದವರು ಹಿಂದಿನವರು. ಯಂತ್ರದ ಫಸಲನ್ನೂ ಹಾಗೇ ಹಿಂದಕ್ಕೆ ಎಣಿಸಿ.

ತಿದ್ದುಪಡಿ ಮೊದಲೇ ಶುರುವಾಗಿತ್ತು ಎನ್ನಲು ಇನ್ನೊಂದು ಗಟ್ಟಿ ಸಾಕ್ಷಿ ಇದೆ. 2013ರ ದುಂಡಗಿನ ಮೇಜಿನ ಕಂಪ್ಯೂಟರ್ ಮ್ಯಾಕ್ ಪ್ರೊದ ಶಾಖದ ವಿನ್ಯಾಸ ತಮ್ಮ ಕೈಯನ್ನೇ ಕಟ್ಟಿಹಾಕಿತು ಎಂದು 2017ರ ಏಪ್ರಿಲ್‌ನಲ್ಲಿ ಕಂಪನಿಯ ಹಿರಿಯರೇ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಬಿಚ್ಚಿ ಭಾಗ ಬದಲಿಸಬಹುದಾದ ಹೊಸ ಮ್ಯಾಕ್ ಪ್ರೊ ತೋರಿಸಿದ್ದು 2019ರ ಜೂನ್ 3ಕ್ಕೆ, ಐವ್ ಪ್ರಕಟಣೆಗೆ ಮೂರು ವಾರ ಮುಂಚೆ. ಬಟರ್‌ಫ್ಲೈಯನ್ನೂ ಸುಮ್ಮನೆ ಬಿಟ್ಟಿರಲಿಲ್ಲ. 2018ರಲ್ಲಿ ಕೀಲಿಯಡಿ ತೆಳು ಸಿಲಿಕೋನ್ ಪೊರೆ ಸೇರಿಸಿದರು, 2019ರ ಮೇ ತಿಂಗಳಲ್ಲಿ ಒಳಭಾಗದ ವಸ್ತು ಬದಲಿಸಿದರು.

ಹಾಗಾದರೆ 2021ರ ಅಕ್ಟೋಬರಿನ ಮ್ಯಾಕ್‌ಬುಕ್ ಪ್ರೊ? ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಕಿಂಡಿ, ಅಯಸ್ಕಾಂತದಿಂದ ಅಂಟುವ ಚಾರ್ಜಿಂಗ್ ಕೊಂಡಿ ಮ್ಯಾಗ್‌ಸೇಫ್ ವಾಪಸ್ ಬಂದವು, ಕೀಬೋರ್ಡಿನ ಮೇಲಂಚಿನ ಸ್ಪರ್ಶ ಪಟ್ಟಿ ಟಚ್ ಬಾರ್ ಹೋಯಿತು. ಇದು ಪ್ರಕಟಣೆಯಾಗಿ ಎರಡು ವರ್ಷ ನಾಲ್ಕು ತಿಂಗಳ ನಂತರದ್ದು. ಹೊಸ ವ್ಯವಸ್ಥೆಯ ಕೈವಾಡ ಇದರಲ್ಲಿದೆ ಎಂದು ಬರೆಯಲು ಕಾಲಾವಕಾಶವಾದರೂ ಇದೆ. ಉದಾಹರಣೆ ಕೊಡುವುದಿದ್ದರೆ ಇದನ್ನು ಕೊಡಿ, 2019ರದ್ದನ್ನು ಕೊಡಬೇಡಿ.

ಇದೇ ಸಂದರ್ಭದಲ್ಲಿ ಕೈಗೆ ಉಪಯೋಗವಾಗುವ ಮಾತು. ಹುಬ್ಬಳ್ಳಿಯಿಂದಲೋ ಮಡಗಾಂವದಿಂದಲೋ ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ತರುವವರು ವರ್ಷ ನೋಡಿಕೊಳ್ಳಿ. 2016ರಿಂದ 2019ರ ಮಧ್ಯದವರೆಗಿನ ಪ್ರೊ, 2018 ಮತ್ತು 2019ರ ಏರ್, 12 ಇಂಚಿನ ಎಲ್ಲವೂ ಬಟರ್‌ಫ್ಲೈ. ಏರ್‌ಗೆ ಕತ್ತರಿ ಬಂದದ್ದು 2020ರ ಮಾರ್ಚ್‌ನಲ್ಲಿ, 13 ಇಂಚಿನ ಪ್ರೊಗೆ ಅದೇ ಮೇ ತಿಂಗಳಲ್ಲಿ. ಉಚಿತ ದುರಸ್ತಿ ಇದ್ದದ್ದು ಮೊದಲ ಮಾರಾಟದಿಂದ ನಾಲ್ಕು ವರ್ಷ ಮಾತ್ರ, ಆ ಅವಧಿ ಮುಗಿದಿದೆ. ಕೊಳ್ಳುವ ಮುಂಚೆ ಒಂದೊಂದು ಕೀಲಿಯನ್ನೂ ಹತ್ತು ಸಲ ಒತ್ತಿ ಎಣಿಸಿ, ಸ್ಪೇಸ್ ಬಾರನ್ನು ಎರಡೂ ತುದಿಯಲ್ಲಿ ಒತ್ತಿ ನೋಡಿ. ನಮ್ಮ ಕಡೆಯ ಬೇಸಿಗೆಯ ಕೆಂಪು ಧೂಳು ಈ ಕೀಲಿಗಳಿಗೆ ಒಳ್ಳೆಯದಲ್ಲ. ಕಂಪನಿ ಹೇಳಿದ ಕ್ರಮದಂತೆ ಲ್ಯಾಪ್‌ಟಾಪನ್ನು 75 ಡಿಗ್ರಿ ಓರೆ ಹಿಡಿದು, ಒತ್ತಡದ ಗಾಳಿ ತುಂಬಿದ ಕ್ಯಾನಿನ ಕೊಳವೆಯನ್ನು ಕೀಲಿಯಿಂದ ಅರ್ಧ ಇಂಚು ದೂರವಿಟ್ಟು, ಎಡದಿಂದ ಬಲಕ್ಕೆ ಅಂಕುಡೊಂಕಾಗಿ ಗಾಳಿ ಊದಿ. ಆಮೇಲೆ ಬಲಬದಿಗೆ ತಿರುಗಿಸಿ ಒಮ್ಮೆ, ಎಡಬದಿಗೆ ತಿರುಗಿಸಿ ಒಮ್ಮೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ನೀರು, ಎಣ್ಣೆ ಸೇರಿರುತ್ತದೆ. ಕೀಬೋರ್ಡನ್ನು ಮೇಲ್ಕವಚಕ್ಕೆ ರಿವೆಟ್ ಹೊಡೆದಿರುತ್ತಾರೆ, ಬ್ಯಾಟರಿಯನ್ನೂ ಅದಕ್ಕೇ ಅಂಟಿಸಿರುತ್ತಾರೆ. ಹಾಗಾಗಿ ಒಂದು ಕೀಲಿ ಕೆಟ್ಟರೂ ಸಾಮಾನ್ಯವಾಗಿ ಮೂರನ್ನೂ ಸೇರಿಸಿ ಬದಲಿಸಬೇಕಾಗುತ್ತದೆ. ತೆಳುತನದ ಬೆಲೆ ಯಾರು ತೆತ್ತರು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಪರದೆಯ ಗಡಿಯಾರ ಬೇರೆ

ಹಾರ್ಡ್‌ವೇರಿನ ಲೆಕ್ಕವನ್ನು ಸಾಫ್ಟ್‌ವೇರಿಗೆ ಹಚ್ಚಬೇಡಿ. ಫೋರ್‌ಸ್ಟಾಲ್ ನಿರ್ಗಮನ ಪ್ರಕಟವಾದದ್ದು 2012ರ ಅಕ್ಟೋಬರ್ 29ಕ್ಕೆ. ಚರ್ಮ, ಮರದ ಹಲಗೆಯ ಚಿತ್ರಗಳನ್ನೆಲ್ಲ ತೆಗೆದುಹಾಕಿದ ಐಫೋನ್ ಸಾಫ್ಟ್‌ವೇರ್ ಐಒಎಸ್ 7 ತೋರಿಸಿದ್ದು 2013ರ ಜೂನ್ 10ಕ್ಕೆ. ಎಂಟು ತಿಂಗಳೂ ಇಲ್ಲ, ಪರದೆಯ ಮುಖವೇ ಬದಲಾಗಿತ್ತು. ಇಲ್ಲಿ ಅಚ್ಚು ಕೊರೆಯಬೇಕಿಲ್ಲ, ಕೋಡ್ ತಿದ್ದಿದರಾಯಿತು. ಹೊಸ ಸಾಫ್ಟ್‌ವೇರನ್ನು ಕಂಪನಿ ತೋರಿಸುವುದು ಜೂನ್‌ನಲ್ಲಿ, ಹಾಗಾಗಿ ಪರದೆಯ ಮುಖ್ಯಸ್ಥರು ಹೋದರೆ ಮುಂದಿನ ಜೂನ್ ನೋಡಿ. ವಸ್ತುವಿನ ಮುಖ್ಯಸ್ಥರು ಹೋದರೆ ಕನಿಷ್ಠ ಎರಡು ವರ್ಷ ಕಾಯಿರಿ.

ಐವ್ ನಂತರ

ಹ್ಯಾಂಕಿ ಹೊರಡುವ ಸುದ್ದಿ 2022ರ ಅಕ್ಟೋಬರ್‌ನಲ್ಲಿ ಬಂತು. ಅವರ ಹುದ್ದೆಗೆ ನೇರವಾಗಿ ಇನ್ನೊಬ್ಬರನ್ನು ತರಲಿಲ್ಲ. ಮುಂದೆ ಅವರು ಐವ್, ಸ್ಕಾಟ್ ಕ್ಯಾನನ್, ಆ್ಯಪಲ್‌ನಿಂದಲೇ ಬಂದ ಟ್ಯಾಂಗ್ ಟ್ಯಾನ್ ಜೊತೆ 'ಐಒ' ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದರು. ಅದನ್ನು ಸುಮಾರು 650 ಕೋಟಿ ಡಾಲರ್ ಮೌಲ್ಯಕ್ಕೆ ಕೊಳ್ಳುವುದಾಗಿ 2025ರ ಮೇ 21ರಂದು ಓಪನ್‌ಎಐ ಪ್ರಕಟಿಸಿತು. ಮುಖ್ಯಸ್ಥರ ಹಿಂದೆ ತಂಡವೂ ಹೊರಟಿತೇ ಎಂದು ಕೇಳಿಕೊಳ್ಳಬೇಕಾದದ್ದು ಇದಕ್ಕಾಗಿ. 2019ರಲ್ಲಿ ಒಬ್ಬರು ಹೊರಟಂತೆ ಕಂಡದ್ದು 2025ಕ್ಕೆ ಒಂದು ತಂಡವೇ ಬೇರೆ ಕಡೆ ಬೇರೂರಿದಂತೆ ಕಾಣುತ್ತದೆ.

2025ರ ಜುಲೈನಲ್ಲಿ ವಿಲಿಯಮ್ಸ್ ಸಿಒಒ ಹುದ್ದೆಯಿಂದ ಇಳಿಯುವುದು ಪ್ರಕಟವಾಯಿತು. ಅವರು ನಿವೃತ್ತರಾದ ಮೇಲೆ ವಿನ್ಯಾಸ ತಂಡ ನೇರ ಕುಕ್‌ಗೆ ವರದಿ ಮಾಡುತ್ತದೆ ಎಂದೂ ಕಂಪನಿ ಹೇಳಿತು. ಅಂದಿನ ಆ ಮಾತಿನ ಪ್ರಕಾರ ಬಾಣ ಮತ್ತೆ ಸಿಇಒ ಮೇಜಿಗೆ.

ಅಭ್ಯಾಸಕ್ಕೆ ಒಂದು ಪ್ರಕರಣ. 2025ರ ಡಿಸೆಂಬರ್‌ನಲ್ಲಿ ಅಲನ್ ಡೈ ಆ್ಯಪಲ್ ಬಿಟ್ಟು ಮೆಟಾ ಸೇರುವ ಸುದ್ದಿ ಬಂತು. ಅವರ ಜಾಗಕ್ಕೆ 1999ರಿಂದ ಅಲ್ಲೇ ಇರುವ ಸ್ಟೀಫನ್ ಲೆಮೇ ಬಂದರು. ಡೈ ಕಾಲದ ಕೊನೆಯ ದೊಡ್ಡ ಕೆಲಸ ಐಒಎಸ್ 26ರ ಪಾರದರ್ಶಕ ಗಾಜಿನ ನೋಟ, 'ಲಿಕ್ವಿಡ್ ಗ್ಲಾಸ್'. ಮೊದಲು ಬಾಣ ಎಳೆಯಿರಿ. ಇದು ಯಾವ ಗಡಿಯಾರದ ಪ್ರಕರಣ ಎಂದು ಗುರುತಿಸಿ. ಆಮೇಲೆ ಡಿಸೆಂಬರಿನಿಂದ ಮುಂದಿನ ಜೂನ್‌ಗೆ ಎಷ್ಟು ತಿಂಗಳು ಎಂದು ಎಣಿಸಿ, ಅದನ್ನು ಫೋರ್‌ಸ್ಟಾಲ್ ಪ್ರಕರಣದ ಏಳೂವರೆ ತಿಂಗಳ ಪಕ್ಕದಲ್ಲಿಡಿ. ಆ ಜೂನ್‌ನಲ್ಲಿ ಅಕ್ಷರ ಓದಲು ಸುಲಭವಾಗಿದೆಯೇ, ಗಾಜಿನ ಪಾರದರ್ಶಕತೆ ತಗ್ಗಿದೆಯೇ ಎಂಬಂಥ ಸಣ್ಣ ತಿದ್ದುಪಡಿಗಳನ್ನು ಹುಡುಕಿ. ಪೂರ್ತಿ ಹೊಸ ಮುಖ ಬಂದಿದ್ದರೆ ಮಾತ್ರ ಅದರ ಕೆಲಸ ಡೈ ಇದ್ದಾಗಲೇ ಶುರುವಾಗಿತ್ತೇ ಎಂದು ವಿಚಾರಿಸಬೇಕು.