ವೇಲ್ಸ್ ಶಾಲೆಯ ಧರ್ಮದ ಪಾಠದಿಂದ ಮಗುವನ್ನು ಹೊರಗಿಡಬಹುದಾ?

ಪ್ರಶ್ನೆ: ನಾವು ಕಾರ್ಡಿಫ್‌ನಲ್ಲಿದ್ದೇವೆ. ಮಗಳು ಪ್ರೈಮರಿ ಶಾಲೆಯಲ್ಲಿ ಓದುತ್ತಿದ್ದಾಳೆ. ಮೊದಲೆಲ್ಲ ಒಂದು ಪತ್ರ ಕೊಟ್ಟರೆ ಮಗುವನ್ನು ಧರ್ಮದ ಪಾಠದಿಂದ ಬಿಡಿಸಬಹುದಿತ್ತಂತೆ. ಈಗ ಆಗಲ್ಲ ಅಂತಾರೆ. ನಿಜವಾ?

ಉತ್ತರ: ನಿಜ. ಹೊಸ ಪಠ್ಯಕ್ರಮ ಬಂದಿರುವ ತರಗತಿಗಳಲ್ಲಿ ಆ ಹಕ್ಕು ಈಗ ಇಲ್ಲ. ವೇಲ್ಸ್ 2021ರಲ್ಲಿ ಪಠ್ಯಕ್ರಮ ಮತ್ತು ಮೌಲ್ಯಮಾಪನ ಕಾಯ್ದೆ ಮಾಡಿತು. 2022ರ ಸೆಪ್ಟೆಂಬರ್‌ನಲ್ಲಿ ಪ್ರೈಮರಿ ಶಾಲೆಗಳೆಲ್ಲ ಹೊಸ ಪಠ್ಯಕ್ರಮಕ್ಕೆ ಬಂದವು. ಹೈಸ್ಕೂಲಿನಲ್ಲಿ ಅದು ವರ್ಷ ವರ್ಷವೂ ಒಂದೊಂದು ತರಗತಿ ಮೇಲೇರುತ್ತದೆ. 2026ರ ಸೆಪ್ಟೆಂಬರ್‌ಗೆ 'ಇಯರ್ 11' ತರಗತಿಯ, ಅಂದರೆ 15-16 ವರ್ಷದ ಮಕ್ಕಳನ್ನೂ ಮುಟ್ಟುತ್ತದೆ. 3ರಿಂದ 16 ವರ್ಷದವರೆಗಿನ ಮಕ್ಕಳಿಗೆ ಈ ಪಾಠ ಕಡ್ಡಾಯ.

ಇದನ್ನು ಕೇಳಿ ಗಾಬರಿಯಾಗುವುದು ಸಹಜ. ಆದರೆ ಹಕ್ಕು ಹೋಗಿದ್ದಷ್ಟೇ ಅಲ್ಲ, ಪಾಠವೂ ಬದಲಾಗಿದೆ. ಪಾಠದ ಬದಲಾವಣೆ ಬಿಟ್ಟು ಹಕ್ಕು ಹೋಗಿದ್ದನ್ನಷ್ಟೇ ನೋಡಿದರೆ ಚಿತ್ರ ಅರ್ಧ ಮಾತ್ರ ಕಾಣುತ್ತದೆ.

1944ರ ಶಿಕ್ಷಣ ಕಾಯ್ದೆಯ ಕಾಲದಲ್ಲಿ ಧರ್ಮದ ಪಾಠ ಅಂದರೆ ಹೆಚ್ಚುಕಡಿಮೆ ಕ್ರೈಸ್ತ ಬೋಧನೆಯೇ. ಬೇಡ ಅನ್ನುವವರಿಗೆ ಮಗುವನ್ನು ಬಿಡಿಸಿಕೊಳ್ಳುವ ಅವಕಾಶ ಇತ್ತು. ಅದು ಇರಲೇಬೇಕಿತ್ತು. ಈಗ ವೇಲ್ಸ್‌ನಲ್ಲಿ ವಿಷಯದ ಹೆಸರು 'ರಿಲಿಜನ್, ವ್ಯಾಲ್ಯೂಸ್ ಅಂಡ್ ಎಥಿಕ್ಸ್', ಚಿಕ್ಕದಾಗಿ ಆರ್‌ವಿಇ. ಇದು ಯಾವುದೋ ಒಂದು ನಂಬಿಕೆಯನ್ನು ಒಪ್ಪಿಸುವ ಪಾಠವಲ್ಲ. ವೇಲ್ಸ್‌ನಲ್ಲಿ ಕ್ರೈಸ್ತ ಸಂಪ್ರದಾಯಗಳೇ ಪ್ರಮುಖ ಎಂಬುದನ್ನು ಕಾನೂನು ಹೇಳುತ್ತದೆ. ಹಿಂದೂ, ಇಸ್ಲಾಂ, ಸಿಖ್ ಮುಂತಾದ ಧರ್ಮಗಳನ್ನೂ ಕಲಿಸಬೇಕು ಅನ್ನುತ್ತದೆ. ದೇವರನ್ನು ನಂಬದವರ ಜೀವನದೃಷ್ಟಿಗೂ ಪಾಠದಲ್ಲಿ ಜಾಗ ಇರಬೇಕು. ಇದು ಹೊಸದು.

ಇದರ ಹಿಂದೆ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಒಂದು ಹಳೆಯ ಅಳತೆಗೋಲು ಇದೆ. ಪಾಠ ವಸ್ತುನಿಷ್ಠವಾಗಿರಬೇಕು, ವಿಮರ್ಶೆಗೆ ತೆರೆದಿರಬೇಕು, ಹಲವು ನಂಬಿಕೆಗಳಿಗೆ ಜಾಗ ಕೊಡಬೇಕು. 1976ರಲ್ಲಿ ಡೆನ್ಮಾರ್ಕ್‌ನ ಒಂದು ಕೇಸಿನಲ್ಲಿ ಬಂದ ಮಾತು ಇದು. 2007ರಲ್ಲಿ ನಾರ್ವೆಯ ಧರ್ಮದ ಪಾಠ ಈ ಅಳತೆಗೆ ನಿಲ್ಲಲಿಲ್ಲ. 2025ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಉತ್ತರ ಐರ್ಲೆಂಡಿನ ಧರ್ಮ ಶಿಕ್ಷಣದ ಬಗ್ಗೆಯೂ ಇದನ್ನೇ ಹೇಳಿತು. ಬೇಡವಾದರೆ ಮಗುವನ್ನು ಬಿಡಿಸಿಕೊಳ್ಳಿ ಅಂದುಬಿಟ್ಟರೆ ತಪ್ಪು ಸರಿಯಾಗುವುದಿಲ್ಲ ಎಂದೂ ಹೇಳಿತು. ನನಗೆ ಈ ಮಾತು ತುಂಬ ಮುಖ್ಯ ಅನಿಸುತ್ತದೆ. ಎಲ್ಲರೂ ಒಳಗೆ ಕೂತಿರುವಾಗ ಒಂದು ಮಗು ಮಾತ್ರ ಕಾರಿಡಾರಿನಲ್ಲಿ ಬಣ್ಣ ತುಂಬುತ್ತಾ ಕೂರುವುದು ಹಕ್ಕು ಅನ್ನಿಸಿಕೊಳ್ಳಬಹುದು, ಆದರೆ ಆ ಮಗುವಿಗೆ ಅದು ಶಿಕ್ಷೆಯೇ ಅಲ್ವಾ?

ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಕಲಿಸುವುದು ಬೇರೆ; ಭಾರತದಲ್ಲಿ ಓದಿ ಬಂದವರಿಗೆ ಈ ವ್ಯತ್ಯಾಸ ಪೂರ್ತಿ ಹೊಸದೇನಲ್ಲ. ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎಂದು ನಮ್ಮ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆದರೆ ಧರ್ಮಗಳ ಬಗ್ಗೆ ತಿಳಿಸಿಕೊಡುವುದಕ್ಕೆ ಅಡ್ಡಿ ಇಲ್ಲ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹಾಗಾದರೆ ನಿಮ್ಮ ಮಗಳು ಏನು ಕಲಿಯುತ್ತಾಳೆ? ಅದು ವೇಲ್ಸ್‌ಗೆಲ್ಲ ಒಂದೇ ಅಲ್ಲ. ಅಲ್ಲಿ 22 ಸ್ಥಳೀಯ ಕೌನ್ಸಿಲ್‌ಗಳಿವೆ. ಆಯಾ ಕೌನ್ಸಿಲ್‌ಗೆ ಅಲ್ಲಲ್ಲಿಯೇ ಒಪ್ಪಿದ ಸಿಲಬಸ್ ಇರುತ್ತದೆ. ಅದನ್ನು ಮಾಡುವ ಸಮಿತಿಯಲ್ಲಿ ಧರ್ಮಗಳ ಪ್ರತಿನಿಧಿಗಳು, ಶಿಕ್ಷಕರು, ಕೌನ್ಸಿಲ್‌ನವರು ಇರುತ್ತಾರೆ. ಧರ್ಮ ನಂಬದವರ ಪ್ರತಿನಿಧಿಗಳೂ ಈಗ ಸೇರಿದ್ದಾರೆ. ಆ ಸಿಲಬಸ್ ಕೇಳಿ ಪಡೆದು ಓದಿ. ಮೊದಲು ಮಾಡಬೇಕಾದ ಕೆಲಸ ಅದೇ.

ಇನ್ನೊಂದು ಬದಲಾವಣೆಯ ಬಗ್ಗೆ ಮಾತಾಡುವವರು ಕಡಿಮೆ. ಆರ್‌ವಿಇಯನ್ನು ಇತಿಹಾಸ, ಭೂಗೋಳದ ಜೊತೆ ಮಾನವಿಕ ವಿಷಯಗಳ ಗುಂಪಿಗೆ ಸೇರಿಸಿದ್ದಾರೆ. ಒಂದು ಪಾಠವನ್ನು ನದಿಯ ಸುತ್ತ ಕಟ್ಟಬಹುದು. ನದಿ ಹರಿಯುವ ದಾರಿ, ದಡದ ಊರುಗಳು, ಗಂಗಾಸ್ನಾನ, ಜೋರ್ಡನ್ ನದಿಯ ದೀಕ್ಷಾಸ್ನಾನ ಎಲ್ಲ ಒಟ್ಟಿಗೆ ಬರುತ್ತವೆ. ನಿಮ್ಮ ಮಗಳು ತಲಕಾವೇರಿಯ ತೀರ್ಥೋದ್ಭವದ ಬಗ್ಗೆ ಹೇಳಿದರೆ ತರಗತಿಗೆ ಅದು ಒಳ್ಳೆ ಪಾಠವಾಗುತ್ತದೆ. ಆದರೆ ಅಪಾಯವೂ ಇಲ್ಲೇ ಇದೆ. ಧರ್ಮದ ವಿಷಯ ಗೊತ್ತಿಲ್ಲದ ಶಿಕ್ಷಕರ ಕೈಗೆ ಹೋದರೆ ಹಿಂದೂ ಧರ್ಮ ಅಂದರೆ ದೀಪಾವಳಿ ಮತ್ತು ಪುನರ್ಜನ್ಮ ಅಂತ ಮುಗಿದುಹೋಗುತ್ತದೆ. ಕೊರಳಲ್ಲಿ ಇಷ್ಟಲಿಂಗ ಇರುವ ಮಗು ಆ ಪಾಠದಲ್ಲಿ ತನ್ನ ಮನೆಯನ್ನು ಹುಡುಕಿದರೂ ಕಾಣುವುದಿಲ್ಲ. ವಿಷಯ ಕಡ್ಡಾಯ ಮಾಡಿದ ಮೇಲೆ ಅದಕ್ಕೆ ತರಬೇತಿ ಪಡೆದ ಶಿಕ್ಷಕರನ್ನು, ಸಾಕಷ್ಟು ಸಮಯವನ್ನು ಕೊಡುವುದು ಸರ್ಕಾರದ ಜವಾಬ್ದಾರಿ. ಈಗ ಪೋಷಕರು ಗಟ್ಟಿಯಾಗಿ ಕೇಳಬೇಕಾದ್ದು ಇದನ್ನೇ.

ಬೆಳಗಿನ ಸಾಮೂಹಿಕ ಪ್ರಾರ್ಥನೆ ಬೇರೆ ವಿಷಯ. ತುಂಬ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಪ್ರಾರ್ಥನೆಯಿಂದ ಮಗುವನ್ನು ಬಿಡಿಸುವ ಹಕ್ಕು ಹಾಗೇ ಇದೆ.

ಮಗಳದು ಚರ್ಚ್ ಶಾಲೆಯಾದರೆ ಅದು ಯಾವ ಬಗೆಯದು ಅಂತ ವಿಚಾರಿಸಿ. 'ವಾಲಂಟರಿ ಏಡೆಡ್' ಶಾಲೆಯಲ್ಲಿ ಪಾಠ ಆ ಪಂಥದ ಸಿಲಬಸ್ ಪ್ರಕಾರವೇ ನಡೆಯುತ್ತದೆ. ಆದರೆ ಕೌನ್ಸಿಲ್‌ನ ಸಿಲಬಸ್ ಪ್ರಕಾರ ಕಲಿಸಿ ಎಂದು ನೀವು ಕೇಳಿದರೆ ಶಾಲೆ ಒಪ್ಪಲೇಬೇಕು. 'ವಾಲಂಟರಿ ಕಂಟ್ರೋಲ್ಡ್' ಶಾಲೆಯಲ್ಲಿ ಇದು ಉಲ್ಟಾ. ಅಲ್ಲಿ ಕೌನ್ಸಿಲ್ ಸಿಲಬಸ್ಸೇ ನಡೆಯುತ್ತದೆ, ಪಂಥದ್ದು ಬೇಕೆಂದವರು ಕೇಳಬೇಕು. ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಪತ್ರ ಬರೆದು ಕೊಡಿ.

ಮುಂದೆ ಇಂಗ್ಲೆಂಡಿಗೆ ಮನೆ ಬದಲಾಯಿಸಿದರೆ ಈ ಉತ್ತರ ನಡೆಯಲ್ಲ. ಧರ್ಮದ ಪಾಠದಿಂದ ಮಗುವನ್ನು ಬಿಡಿಸುವ ಹಕ್ಕು ಅಲ್ಲಿ ಇನ್ನೂ ಇದೆ. ಆದರೆ ಧರ್ಮ ಶಿಕ್ಷಣವನ್ನು ರಾಷ್ಟ್ರೀಯ ಪಠ್ಯಕ್ರಮದೊಳಗೆ ತರಬೇಕು ಎಂದು 2025ರ ನವೆಂಬರ್‌ನಲ್ಲಿ ಬಂದ ಪಠ್ಯಕ್ರಮ ಪರಿಶೀಲನಾ ವರದಿ ಸಲಹೆ ಕೊಟ್ಟಿದೆ.